ಅಡಿಕೆ ಮಾರಿದ ಮೇಲೆ ಕೊಡ್ತೀವಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆ, ಮಳಿಗೆ, ಗೋದಾಮು, ಸಿಸಿ ಚರಂಡಿ ಕಟ್ಟಿ ಬದುಕುವ ಸಣ್ಣ ಗುತ್ತಿಗೆದಾರರಿಗೆ ಕೆಲಸ ಹಿಡಿಯುವುದು ಅಷ್ಟು ಕಷ್ಟವಲ್ಲ. ಮಾಡಿದ ಕೆಲಸದ ಹಣ ವಸೂಲು ಮಾಡುವುದು ಕಷ್ಟ. ಅಂಥ ಇಬ್ಬರ ಮಾತು ಇದು. ಹಿರಿಯರು ಚನ್ನಗಿರಿ ಕಡೆಯವರು, ಕರಣೆ ಹಿಡಿದು ಗಾರೆ ಕೆಲಸದಿಂದ ಮೇಲೆ ಬಂದವರು. ಲೆಕ್ಕವೆಲ್ಲ ತಲೆಯಲ್ಲಿ, ಒಪ್ಪಂದವೆಲ್ಲ ಬಾಯಿಮಾತಿನಲ್ಲಿ. ಕಿರಿಯ ಹೊನ್ನಾಳಿಯವನು, ಸಿವಿಲ್ ಡಿಪ್ಲೊಮಾ ಮುಗಿಸಿ ಸ್ವಂತ ಕೆಲಸ ಹಿಡಿದವನು. ಕಟ್ಟಿದ ಪ್ರತಿ ಗೋಡೆಯ ಫೋಟೊ ಅವನ ಮೊಬೈಲಿನಲ್ಲಿದೆ. ಮಾತು ಶುರುವಾದದ್ದು ವಕೀಲರ ನೋಟಿಸಿನ ಒಂದು ಕರಡಿನಿಂದ.

ಹಿರಿಯ: ನೋಟಿಸ್ ಓದಿದೆ. ವಕೀಲರು ಚೆನ್ನಾಗೇ ಬರೆದಿದ್ದಾರೆ. ನಾಳೆ ಕಳಿಸ್ತೀಯೇನು?

ಕಿರಿಯ: ಪೋಸ್ಟ್ ಆಫೀಸ್ ಬಾಗಿಲು ತೆಗೆದ ಕೂಡ್ಲೆ, ಕಾಕಾ. ನ್ಯಾಮತಿ ಮಳಿಗೆ ಕೆಲಸ ಮುಗಿದು ಎಂಟು ತಿಂಗಳಾಯ್ತು. ಆರು ಮಳಿಗೆಗೆ ಶಟರ್ ಹಾಕಿ, ಬಣ್ಣ ಹೊಡೆಸಿ, ಬೀಗದ ಕೈ ಕೊಟ್ಟು ಬಂದಿದ್ದೀನಿ. ಅದರಲ್ಲಿ ಐದಕ್ಕೆ ಬಾಡಿಗೆ ಬರ್ತಿದೆ. ನನ್ನ ಎರಡು ಲಕ್ಷದ ಬಾಕಿ ಮಾತು ತೆಗೆದ್ರೆ ಮಾತ್ರ ಮಾಲೀಕರು 'ಮುಂದಿನ ವಾರ ನೋಡೋಣ' ಅಂತಾರೆ.

ಹಿರಿಯ: ಅವರನ್ನ ನಿನಗೆ ಪರಿಚಯ ಮಾಡಿಸಿದ್ದು ನಾನು.

ಕಿರಿಯ: ಅದಕ್ಕೇ ಪೋಸ್ಟ್ ಮಾಡೋಕ್ಕೆ ಮುಂಚೆ ನಿಮ್ಮ ಕೈಗೆ ಕೊಟ್ಟಿದ್ದು.

ಹಿರಿಯ: ನೋಡು ತಮ್ಮಾ, ನಮ್ಮ ಕಡೆ ದುಡ್ಡಿಗೆ ಕಾಲ ಅಂತ ಒಂದೈತೆ. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲು ಹಿಡಿಯೋದು ಆಗಸ್ಟ್ ಮೇಲೆ. ತೋಟದ ಫಸಲು ಖೇಣಿಗೆ ಕೊಟ್ಟಿದ್ರೆ ಖೇಣಿದಾರ ಒಂದಿಷ್ಟು ಅಡ್ವಾನ್ಸ್ ಕೊಟ್ಟಿರ್ತಾನೆ, ಮಿಕ್ಕಿದ್ದು ಕೊಯ್ಲು ಕೊಯ್ಲಿಗೆ. ತಾವೇ ಬೇಯಿಸಿ ಒಣಗಿಸೋರು ಅಡಿಕೆ ಸೊಸೈಟಿ ತುಮ್ಕೋಸ್‌ಗೋ ಮಂಡಿಗೋ ಹಾಕಿ, ರೇಟು ಏರಲಿ ಅಂತ ಕಾಯ್ತಾರೆ. ಕ್ವಿಂಟಲ್‌ಗೆ ಸಾವಿರಗಟ್ಟಲೆ ಆಚೆ ಈಚೆ ಆಡೋ ಮಾಲು. ಎರಡು ಸಾವಿರ ಹೆಚ್ಚು ಸಿಗುತ್ತೆ ಅಂದ್ರೆ ಯಾರು ತಾನೇ ಕಾಯಲ್ಲ? ಹೊನ್ನಾಳಿಯೋರಿಗೆ ನಾಲೆ ನೀರು, ಭತ್ತ. ಜಗಳೂರಿನೋರಿಗೆ ಮಳೆ, ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಬೆಳೆ ಕೈಗೆ ಬಂದ ಮೇಲೆ ಮನೆ ಕಟ್ಟಿದೋನಿಗೆ ಕೊಡ್ತಾರೆ. ಮೊದಲಿಂದ ಹಿಂಗೇ ನಡ್ಕೊಂಡು ಬಂದೈತೆ.

ಕಿರಿಯ: ಮಳಿಗೆ ಬಾಡಿಗೆ ತಿಂಗಳಿಗೊಂದ್ಸಲ ಬರುತ್ತಲ್ಲ ಕಾಕಾ, ಅದಕ್ಕೆ ಯಾವ ಕೊಯ್ಲು? ಅವರ ವಿಷಯ ಹಂಗಿರಲಿ. ಸಿಮೆಂಟ್ ಅಂಗಡಿಯೋನು ಅಡಿಕೆ ಮಾರೋವರೆಗೂ ಕಾಯಲ್ಲ. ಕಬ್ಬಿಣ ನಗದು. ಎಂ-ಸ್ಯಾಂಡ್ ಲಾರಿಯೋನು ಲೋಡ್ ಇಳಿಸೋಕ್ಕೆ ಮುಂಚೆ ಫೋನ್‌ಪೇ ನೋಡ್ತಾನೆ. ಗಾರೆಯೋರಿಗೆ, ಕೂಲಿಯೋರಿಗೆ ಸಂತೆ ದಿನ ಬಟವಾಡೆ ಆಗಲೇಬೇಕು. ಎಲ್ಲರಿಗೂ ನಾನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೀನಿ. ಎಲ್ಲಿಂದ ಕೊಟ್ಟೆ ಅನ್ಕೊಂಡ್ರಿ? ಮನೆಯವಳ ಸರ ಬ್ಯಾಂಕಲ್ಲಿದೆ. ಅದೂ ಸಾಲದೆ ನೂರಕ್ಕೆ ಎರಡರಂತೆ ಕೈಸಾಲ. ಎರಡು ಲಕ್ಷಕ್ಕೆ ತಿಂಗಳಿಗೆ ನಾಲ್ಕು ಸಾವಿರ, ಎಂಟು ತಿಂಗಳಿಗೆ 32 ಸಾವಿರ ಬಡ್ಡಿ. ಮಳಿಗೆ ಅವರದು, ಬಾಡಿಗೆ ಅವರದು, ಬಡ್ಡಿ ಮಾತ್ರ ನಂದು.

ಹಿರಿಯ: ಆ ಬಡ್ಡಿನ ನೀನು ರೇಟಿನಲ್ಲೇ ಹಿಡೀಬೇಕಿತ್ತು. ಚದರಕ್ಕೆ ಇಷ್ಟು ಅಂತ ಹೇಳೋವಾಗ ನಾನು ಆಳನ್ನ ನೋಡಿ ಹೇಳ್ತೀನಿ. ಇವರು ಆರು ತಿಂಗಳು ಎಳೀತಾರೆ ಅನ್ನಿಸಿದ್ರೆ ಅಷ್ಟು ಮೇಲೆ ಹಾಕಿರ್ತೀನಿ. ಕಾಯೋ ಕೂಲಿ ಅದು.

ಕಿರಿಯ: ಹಂಗಾದ್ರೆ ಗುರುತಿಲ್ಲದ ಹೊಸಬ ಬಂದಾಗ?

ಹಿರಿಯ: ಅವನಿಗೂ ಸ್ವಲ್ಪ ಹಾಕಿರ್ತೀನಿ.

ಕಿರಿಯ: ಅವನು ಹೇಳಿದ ದಿನಕ್ಕೇ ಎಣಿಸಿ ಕೊಟ್ರೆ? ಎಳೆಯೋರ ಬಡ್ಡಿನ ಸರಿಯಾಗಿ ಕೊಡೋನ ತಲೆ ಮೇಲೆ ಹಾಕಿದಂಗಲ್ವಾ ಕಾಕಾ?

ಹಿರಿಯ: ಹ್ಞೂಂ, ಒಪ್ತೀನಿ. ಅಂಥೋರಿಗೆ ಕೊನೇಲಿ ಲೆಕ್ಕ ಮಾಡೋವಾಗ ನಾನೇ ಬಿಡ್ತೀನಿ. ಪೋರ್ಟಿಕೋ ಟೈಲ್ಸ್ ಕೂಲಿ ಹಾಕಲ್ಲ, ಇಲ್ಲ ಸಂಪಿನ ಒಳಗಾರೆ ಹಂಗೇ ಮಾಡಿಕೊಡ್ತೀನಿ. ಅವರಿಗೂ ಖುಷಿ, ನನಗೂ ಮುಂದಿನ ಕೆಲಸ. ನೋಟಿಸ್ ಕಳಿಸಿದೋನಿಗೆ ಮುಂದಿನ ಕೆಲಸ ಯಾರು ಕೊಡ್ತಾರೆ? ನ್ಯಾಮತಿ ಎಷ್ಟು ದೊಡ್ಡದು ಹೇಳು. ಮೊನ್ನೆ ಮೊನ್ನೆವರೆಗೂ ಹೊನ್ನಾಳಿಗೆ ಸೇರಿದ್ದ ಊರು, ಈಗ ತಾಲ್ಲೂಕು ಆಗೈತೆ ಅಷ್ಟೆ. ಬೆಳಗ್ಗೆ ನೋಟಿಸ್ ಮುಟ್ಟಿದ್ರೆ ಮಧ್ಯಾಹ್ನಕ್ಕೆ ಹೋಟ್ಲಲ್ಲಿ ಮಾತಾಗಿರುತ್ತೆ.

ಕಿರಿಯ: 'ಆ ಹುಡುಗ ಮುಂದಿನ ವಾರ ಬಾ ಅಂದ್ರೆ ಬರ್ತಾನೆ, ಎಷ್ಟು ಸಲ ಬೇಕಾದ್ರೂ ಬರ್ತಾನೆ' ಅನ್ನೋ ಮಾತೂ ಅದೇ ಹೋಟ್ಲಲ್ಲಿ ಆಗುತ್ತೆ. ಅದರಿಂದ ನಷ್ಟ ಇಲ್ವಾ? ಮುಂದಿನ ಕೆಲಸ ಕೊಡೋನೂ ಅದೇ ಲೆಕ್ಕದಲ್ಲೇ ಕೊಡ್ತಾನೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತ ಗಾದೆ ಮಾಡಿದೋರು ನಮ್ಮನ್ನ ನೋಡೇ ಮಾಡಿದ್ರೇನೋ.

ಇಲ್ಲಿಯವರೆಗೆ ಇಬ್ಬರೂ ಹೇಳಿದ್ದು ಹೊಸದೇನಲ್ಲ. ಯಾವ ಸಿಮೆಂಟ್ ಅಂಗಡಿಯ ಮುಂದೆ ನಿಂತರೂ ಇಷ್ಟು ಕೇಳಿಸುತ್ತದೆ. ನಿಜವಾದ ಜಗ್ಗಾಟ ಕಾನೂನಿನ ಮಾತು ಬಂದ ಮೇಲೆ ಶುರುವಾಯಿತು.

ಕಿರಿಯ: ಕಾನೂನು ನಮ್ಮ ಪರ ಇದೆ ಕಾಕಾ, ನಮಗೇ ಗೊತ್ತಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ನೋಡಿ. ಸಣ್ಣ ಉದ್ದಿಮೆಯೋರಿಂದ ಮಾಲು, ಸೇವೆ ತಗೊಂಡೋರು ಲಿಖಿತ ಒಪ್ಪಂದ ಇಲ್ಲದಿದ್ರೆ 15 ದಿನದೊಳಗೆ, ಇದ್ರೂ 45 ದಿನ ದಾಟದಂಗೆ ಹಣ ಕೊಡಬೇಕು. ದಾಟಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರಲ್ಲಿ ಆ ದರ ಶೇ 6.75 ಇತ್ತು, ಮೂರು ಪಟ್ಟು ಅಂದ್ರೆ ಶೇ 20ರ ಮೇಲೆ. ಸಮಾಧಾನ್ ಪೋರ್ಟಲ್ ಅಂತ 2017ರಲ್ಲೇ ತಂದ್ರು, ಆನ್‌ಲೈನಲ್ಲಿ ಕೂತಲ್ಲಿಂದ ದೂರು ಹಾಕಬಹುದು. ಆ ದೂರು ವಿಚಾರಿಸೋ ಮಂಡಳಿ ತೀರ್ಪು ಕೊಟ್ಟ ಮೇಲೆ ಕೊಡಬೇಕಾದೋನು ಅದನ್ನ ಕೋರ್ಟಲ್ಲಿ ಪ್ರಶ್ನೆ ಮಾಡಬೇಕು ಅಂದ್ರೆ ಮೊದಲು ಶೇ 75ರಷ್ಟು ಹಣ ಕಟ್ಟಬೇಕು.

ಹಿರಿಯ: ಚೆನ್ನಾಗೈತೆ. ಮತ್ತೆ ಆ ಕಾಯ್ದೆ ಹೆಸರು ಈ ನೋಟಿಸಿನಲ್ಲಿ ಯಾಕಿಲ್ಲ?

ಕಿರಿಯ: ಅದು... ನಾನು ಉದ್ಯಮ್ ನೋಂದಣಿ ಮಾಡಿಸಿದ್ದು ಮಳಿಗೆ ಕೆಲಸ ಮುಗಿದ ಮೇಲೆ. ನೋಂದಣಿ ಆಮೇಲೆ ಮಾಡಿಸಿ ಹಳೇ ವ್ಯವಹಾರಕ್ಕೆ ಈ ಕಾಯ್ದೆ ಹಿಡ್ಕೊಂಡು ಬರಬೇಡಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಅದಲ್ಲದೆ ಕಟ್ಟಡ ಗುತ್ತಿಗೆ, ಅಂದ್ರೆ ಸಾಮಾನು ಕೂಲಿ ಎರಡೂ ಸೇರಿದ ಕೆಲಸ, ಈ ಕಾಯ್ದೆಯೊಳಗೆ ಬರಲ್ಲ ಅಂತ ಕೆಲವು ಹೈಕೋರ್ಟ್‌ಗಳು ಹೇಳಿವೆ. ವಕೀಲರು ಅದಕ್ಕೇ ಬೇಡ ಅಂದ್ರು.

ಹಿರಿಯ: ಅಂದ್ರೆ ಕಾನೂನು ನಿನ್ನ ಪರ ಐತೆ, ಆದ್ರೆ ನೀನು ಕಾನೂನಿನ ಒಳಗಿಲ್ಲ.

ಕಿರಿಯ: ನಗಬೇಡಿ ಕಾಕಾ. ಮುಂದಿನ ಕೆಲಸಕ್ಕಾದ್ರೂ ಆಗುತ್ತೆ. ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ, ಆಧಾರ್, ಪ್ಯಾನ್ ಇದ್ರೆ ಸಾಕು. ದಾವಣಗೆರೆಯ ಮಿಲ್ಲಿನೋರ ಗೋದಾಮು ರಿಪೇರಿ ಹಿಡಿದಾಗ ನೋಡಿ, ಉದ್ಯಮ್ ನಂಬರ್ ಬಿಲ್ಲಿನ ಮೇಲೆ ಹಾಕಿದ್ದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂದಿದೆ: ಸಣ್ಣ ಉದ್ದಿಮೆಯೋರಿಗೆ ಕಾಯ್ದೆಯ ಗಡುವಿನೊಳಗೆ ಕೊಡದ ಬಾಕಿನ ಆ ವರ್ಷದ ಖರ್ಚು ಅಂತ ತೋರಿಸೋ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಅವರ ಆಡಿಟರ್ರೇ ಫೋನ್ ಮಾಡಿ ಅಕೌಂಟ್ ನಂಬರ್ ಕೇಳಿದ್ರು.

ಹಿರಿಯ: ಮಿಲ್ಲಿನೋರಿಗೆ ಆಡಿಟರ್ ಇರ್ತಾನೆ. ಮನೆ ಕಟ್ಟಿಸೋ ರೈತನಿಗೆ ಯಾವ ಆಡಿಟರ್? ನಮ್ಮ ಕೆಲಸ ಮುಕ್ಕಾಲು ಪಾಲು ಅಂಥೋರದೇ.

ಕಿರಿಯ: ಅದಕ್ಕೆ ಮೊದಲೇ ಕಾಗದ ಮಾಡ್ಕೋಬೇಕು ಅನ್ನೋದು ನಾನು. ಯಾವ ಹಂತಕ್ಕೆ ಎಷ್ಟು, ಯಾವ ದಿನಕ್ಕೆ, ತಡವಾದ್ರೆ ಏನು. ಅಷ್ಟೇ, ಒಂದು ಹಾಳೆ.

ಹಿರಿಯ: ಹಾಳೆ ತೆಗೆದ ಕೂಡ್ಲೆ ಅವರ ಮುಖ ನೋಡಿದ್ದೀಯಾ? ಭೂಮಿಪೂಜೆ ದಿನ, ಐದು ಜನ ಮುತ್ತೈದೆಯರು ಕೂತಿರ್ತಾರೆ, ಯಜಮಾನ ಎಲೆ ಅಡಿಕೆ ಮೇಲೆ ಅಡ್ವಾನ್ಸ್ ಇಟ್ಟು ಕೊಡ್ತಾನೆ. ಆವಾಗ ನೀನು 'ಇಲ್ಲಿ ಸಹಿ ಹಾಕಿ' ಅಂದ್ರೆ ಏನಂದ್ಕೋತಾರೆ? ಇವನಿಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ.

ಕಿರಿಯ: ಬ್ಯಾಂಕಿನೋರು ಅದೇ ಯಜಮಾನನ ಹತ್ರ ಹತ್ತಾರು ಕಡೆ ಸಹಿ ಹಾಕಿಸ್ಕೋತಾರೆ, ಆವಾಗ ಅಂದ್ಕೊಳಲ್ಲ. ಗೃಹಸಾಲನೂ ಬ್ಯಾಂಕಿನೋರು ಹಂತ ನೋಡೇ ಬಿಡ್ತಾರೆ. ಸರ್ಕಾರಿ ಮನೆ ತಗೊಳ್ಳಿ, ವಸತಿ ನಿಗಮದೋರು ದುಡ್ಡು ಹೆಂಗೆ ಬಿಡ್ತಾರೆ? ಪಾಯ, ಲಿಂಟಲ್, ಛಾವಣಿ, ಮುಕ್ತಾಯ. ನಾಲ್ಕು ಹಂತ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ. ನಮಗೆ ಬೇಕಾಗಿರೋದೂ ಅದೇ ನಾಲ್ಕು ಹಂತ.

ಹಿರಿಯ: ಹಂತ ನಾನೂ ಇಟ್ಕೊಂಡಿದ್ದೀನಿ, ಬರೆಯಲ್ಲ ಅಷ್ಟೆ. ಸ್ಲ್ಯಾಬ್ ಹಾಕೋ ಹಿಂದಿನ ದಿನ ಹೋಗಿ, 'ಯಜಮಾನ್ರೇ, ನಾಳೆ ಮಿಕ್ಸರ್ ಬರುತ್ತೆ, ಆಳುಗಳೂ ಬರ್ತಾರೆ, ಒಂದಿಷ್ಟು ಕೈಗೆ ಬೇಕಿತ್ತು' ಅಂತೀನಿ. ಸೆಂಟ್ರಿಂಗ್ ಹೊಡೆದು ಕಬ್ಬಿಣ ಕಟ್ಟಿ ನಿಲ್ಲಿಸಿರೋ ಮನೆ. ಯಾವನೂ ಇಲ್ಲ ಅನ್ನಲ್ಲ.

ಕಿರಿಯ: ಅಂದ್ರೆ ನೀವೂ ಅಮುಕ್ತೀರಿ. ಕಾಗದದ ಮೇಲಲ್ಲ, ಬಾಯಲ್ಲಿ.

ಹಿರಿಯ: ಅಮುಕೋದಲ್ಲಪ್ಪ, ಕೇಳೋ ಹೊತ್ತು ನೋಡಿ ಕೇಳೋದು. ಗೃಹಪ್ರವೇಶಕ್ಕೆ ಮುಂಚೆ ಕೇಳಿದ್ರೆ ಬರುತ್ತೆ. ಆದ ಮೇಲೆ ಕೇಳಿದ್ರೆ, ಅಡುಗೆಯೋರಿಗೆ, ಶಾಮಿಯಾನದೋರಿಗೆ, ನೆಂಟರ ಬಟ್ಟೆಬರೆಗೆ ಖರ್ಚಾಯ್ತು ಅಂತಾರೆ.

ಕಿರಿಯ: ಮೇಸ್ತ್ರಿಗೆ ಪಂಚೆ ಶಲ್ಯ ಹೊದಿಸಿ, ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿ, ಕೊನೇ ಕಂತು ಮಾತ್ರ ಅಡಿಕೆ ಮಾರಿದ ಮೇಲೆ. ನನಗೆ ಮೂರು ಜೊತೆ ಪಂಚೆ ಬಂದಿದೆ ಕಾಕಾ.

ಹಿರಿಯ: ನನ್ನ ಮನೇಲಿ ಬೀರು ತುಂಬ ಐತೆ.

ಇಬ್ಬರೂ ನಕ್ಕರು. ಆದರೆ ಹಿರಿಯರು ಇಷ್ಟಕ್ಕೆ ಬಿಡುವವರಲ್ಲ. ಹಣ ತಡವಾಗುವುದಕ್ಕೆ ಕೊಡುವವರ ಕೈ ಬಿಗಿಯೊಂದೇ ಕಾರಣವಲ್ಲ ಎಂಬುದು ಕಟ್ಟಡದ ಕೆಲಸ ಬಲ್ಲ ಎಲ್ಲರಿಗೂ ಗೊತ್ತು. ಗುತ್ತಿಗೆದಾರರು ಸೇರಿದ ಕಡೆ ಆ ಮಾತು ಅಪರೂಪಕ್ಕೆ ಬರುತ್ತದೆ.

ಹಿರಿಯ: ಒಂದು ಕೇಳ್ತೀನಿ, ಮುಚ್ಚುಮರೆ ಮಾಡಬೇಡ. ನಾಲ್ಕನೇ ಮಳಿಗೆ ಹಿಂದಿನ ಗೋಡೆ ಸೋರ್ತಿದೆ ಅಂತ ಮಳೆಗಾಲದಲ್ಲಿ ಅವರು ನಿನಗೆ ಹೇಳಿದ್ರೋ ಇಲ್ಲವೋ?

ಕಿರಿಯ: ಹೇಳಿದ್ರು. ಪ್ಯಾರಾಪೆಟ್ ಸಂದಿನಿಂದ ಒಂದಿಷ್ಟು ತೇವ ಇಳೀತಿದೆ. ಅರ್ಧ ದಿನದ ಕೆಲಸ.

ಹಿರಿಯ: ಮಾಡಿಕೊಟ್ಟೆಯಾ?

ಕಿರಿಯ: ಬಾಕಿ ಕೊಡಿ, ಬಂದು ಮಾಡ್ತೀನಿ ಅಂದೆ.

ಹಿರಿಯ: ಅವರೂ ಅದನ್ನೇ ಅನ್ನೋದು. ಸೋರೋದು ನಿಲ್ಲಿಸು, ಕೊಡ್ತೀನಿ ಅಂತ. ನನ್ನ ಹತ್ರ ಹೇಳಿದ್ದಾರೆ. ನೋಟಿಸ್ ಹೋದ್ರೆ ಅವರ ವಕೀಲ ಬರೆಯೋ ಮೊದಲನೇ ಸಾಲು ಯಾವುದು ಹೇಳು? 'ಕಳಪೆ ಕಾಮಗಾರಿ.'

ಕಿರಿಯ: ಸೋರೋದಕ್ಕೆ ಅಂತ ಹತ್ತು ಸಾವಿರ ಹಿಡಿದ್ರೆ ನ್ಯಾಯ, ಒಪ್ತೀನಿ. ಸರ್ಕಾರಿ ಕಾಮಗಾರಿಯಲ್ಲೂ ಭದ್ರತಾ ಠೇವಣಿ ಅಂತ ಒಂದಿಷ್ಟು ಹಿಡಿದಿಟ್ಕೊಂಡು, ನಿರ್ವಹಣೆ ಅವಧಿ ಮುಗಿದ ಮೇಲೆ ಕೊಡ್ತಾರಲ್ಲ. ಹಂಗೆ ಹಿಡೀಲಿ. ಅಂಗೈ ಅಗಲದ ತೇವಕ್ಕೆ ಎರಡು ಲಕ್ಷ ಹಿಡಿಯೋದು ಯಾವ ನ್ಯಾಯ?

ಹಿರಿಯ: ನ್ಯಾಯ ಅಲ್ಲ, ನಾನೂ ಹೇಳ್ತೀನಿ. ಆದ್ರೆ ಆ ನೆಪ ಅವರ ಕೈಗೆ ಕೊಟ್ಟೋನು ನೀನು.

ಕಿರಿಯ: ನೆಪಕ್ಕೇನು ಕಾಕಾ, ಹೆಚ್ಚುವರಿ ಕೆಲಸದ ಕಥೆ ಕೇಳಿ. ಎಸ್ಟಿಮೇಟಿನಲ್ಲಿ ಮೆಟ್ಟಿಲ ಕೆಳಗೆ ಗೋಡೆ ಇರಲಿಲ್ಲ. 'ಅಲ್ಲೊಂದು ಸಣ್ಣ ರೂಮ್ ಮಾಡ್ಬಿಡು' ಅಂದ್ರು, ಮಾಡಿದೆ. ಸಂಪು ಎಂಟು ಸಾವಿರ ಲೀಟರ್ ಅಂತ ಇತ್ತು, 'ಹನ್ನೆರಡಕ್ಕೆ ಮಾಡಪ್ಪ, ಬೇಸಿಗೆಯಲ್ಲಿ ನೀರಿಲ್ಲ' ಅಂದ್ರು, ಮಾಡಿದೆ. ಅವರ ತಂಗಿ ಬಂದು ಶೆಲ್ಫಿನ ಮೇಲೆ ಇನ್ನೊಂದು ಶೆಲ್ಫ್ ಹಾಕಿಸಿದ್ರು. ಯಾವುದಕ್ಕೂ ಇಲ್ಲ ಅನ್ನೋಕ್ಕಾಗಲ್ಲ, ಎದುರಿಗೇ ನಿಂತಿರ್ತಾರೆ. ಕೊನೆಗೆ ಲೆಕ್ಕ ಕೊಟ್ರೆ, 'ಇದೆಲ್ಲ ಯಾವಾಗ ಮಾತಾಗಿತ್ತು?' ಎರಡು ಲಕ್ಷದಲ್ಲಿ 70 ಸಾವಿರ ಇಂಥವೇ.

ಹಿರಿಯ: ಅದು ನನಗೂ ಆಗೈತೆ. ಮಾತಲ್ಲಿ ಮಾಡಿಸ್ತಾರೆ, ಮಾತಲ್ಲೇ ಮರೀತಾರೆ.

ಕಿರಿಯ: ಈಗೀಗ ನಾನು ಅವತ್ತೇ ರಾತ್ರಿ ವಾಟ್ಸ್ಆ್ಯಪ್ ಹಾಕ್ತೀನಿ. 'ಯಜಮಾನ್ರೇ, ಇವತ್ತು ತಾವು ಹೇಳಿದ ಹೆಚ್ಚುವರಿ ಕೆಲಸಕ್ಕೆ ಇಷ್ಟು ಆಗುತ್ತೆ, ಸರಿ ಅಂದ್ರೆ ನಾಳೆ ಶುರು ಮಾಡ್ತೀನಿ.' ಒಂದು ಹೆಬ್ಬೆಟ್ಟು ಗುರುತು ಬಂದ್ರೆ ಸಾಕು. ಮೊಬೈಲಿನ ಮಾತೂ ಪುರಾವೆ. 2024ರ ಜುಲೈನಲ್ಲಿ ಜಾರಿಗೆ ಬಂದ ಸಾಕ್ಷ್ಯ ಕಾನೂನಿನಲ್ಲಿ ಅದಕ್ಕೆ ಪ್ರಮಾಣಪತ್ರದ ನಮೂನೆನೇ ಇದೆ. ಹಳೇ ಕಾನೂನಿನಲ್ಲೂ ದಾರಿ ಇತ್ತು.

ಹಿರಿಯ: ಇದು ಒಳ್ಳೇದು. ಇದು ನನಗೂ ಹೇಳಿಕೊಡು. ಕಾಗದ ಅನ್ನಿಸಲ್ಲ, ಮಾತಾಡಿದಂಗೇ ಇರುತ್ತೆ.

ಕಿರಿಯ: ನಿಮ್ಮದೇ ಮಾತು ತಗೊಂಡು ಕೇಳ್ತೀನಿ. ನೀವು ಸರ್ಕಾರಿ ಕಾಮಗಾರಿ ಹಿಡಿಯೋದು ಯಾಕೆ ಬಿಟ್ರಿ? ಅಲ್ಲಿ ಎಲ್ಲಾ ಕಾಗದವೇ. ಟೆಂಡರ್, ವರ್ಕ್ ಆರ್ಡರ್, ಅಳತೆಯ ಎಂಬಿ ಬುಕ್.

ಹಿರಿಯ: ಅಲ್ಲೇ ಗೊತ್ತಾಗಿದ್ದು, ಕಾಗದ ಇದ್ದ ಮಾತ್ರಕ್ಕೆ ದುಡ್ಡು ಬರಲ್ಲ ಅಂತ. ಚರಂಡಿ ಮುಗೀತು, ಎಂಬಿ ಬರೆದ್ರು, ಬಿಲ್ಲು ಹೋಯ್ತು. ಆಮೇಲೆ ಅನುದಾನ ಇಲ್ಲ. ಅನುದಾನ ಬಂದ್ರೆ ಜ್ಯೇಷ್ಠತೆ ಅಂತಾರೆ, ನಮ್ಮ ಸರದಿ ಯಾವಾಗಲೂ ಹಿಂದೆ. ನಾನು ಮಾಡಿದ್ದು ಸಬ್ ಕಾಂಟ್ರಾಕ್ಟ್ ಬೇರೆ. ಮೇಲಿನೋನಿಗೆ ಬಂದ ಮೇಲೆ ಅವನಿಗೆ ಮನಸ್ಸು ಬರಬೇಕು. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಕೆಂಪಣ್ಣನವರು ಕಮಿಷನ್ ಕಾಟ ಅಂತ ಪ್ರಧಾನಿಗೇ ಕಾಗದ ಬರೆದ್ರಲ್ಲ, ನೆನಪೈತಾ? ಮರು ವರ್ಷ ಬೆಳಗಾವಿಯ ಒಬ್ಬ, ವರ್ಕ್ ಆರ್ಡರ್ ಇಲ್ಲದೆ ರಸ್ತೆ ಕೆಲಸ ಮಾಡಿದೆ, ಬಿಲ್ಲು ಆಗಲಿಲ್ಲ ಅಂತ ಗೋಳು ಹೇಳ್ಕೊಂಡು ತಿರುಗಿ, ಉಡುಪಿಯಲ್ಲಿ ಜೀವ ಬಿಟ್ಟ. ಅದಾದ ಮೇಲೆ ನನಗೆ ಆ ಕಡೆ ಹೋಗೋ ಧೈರ್ಯ ಉಳಿಲಿಲ್ಲ.

ಕಿರಿಯ: ಅದರಿಂದ ನಾನು ಕಲಿತಿದ್ದು ಬೇರೆ. ಆದೇಶ ಕೈಗೆ ಬರೋಕ್ಕೆ ಮುಂಚೆ ಒಂದು ಬುಟ್ಟಿ ಜಲ್ಲಿನೂ ಹಾಕಬಾರದು ಅಂತ.

ಹಿರಿಯ: ನೀನು ಆ ಪಾಠ ಓದು, ನಾನು ಈ ಪಾಠ ಓದ್ತೀನಿ. ಸಣ್ಣೋರ ಕಥೆ ಬಿಡು. ನಮ್ಮ ಜಗಳೂರಿಗೆ ನೀರು ತರೋ ಭದ್ರಾ ಮೇಲ್ದಂಡೆಗೆ 2023ರ ಬಜೆಟ್ಟಲ್ಲಿ ದೆಹಲಿಯೋರು 5,300 ಕೋಟಿ ಅಂತ ಓದಿ ಹೇಳಿದ್ರು. ಬರಲಿಲ್ಲ ಬರಲಿಲ್ಲ ಅಂತ ಬೆಂಗಳೂರಿನೋರು ವರ್ಷ ವರ್ಷ ಕೇಳ್ತಾನೇ ಇದ್ದಾರೆ. ಅವರ ಹತ್ರ ಇರೋ ಕಾಗದಕ್ಕಿಂತ ದೊಡ್ಡ ಕಾಗದ ನಿನ್ನ ಹತ್ರ ಐತಾ?

ಕಿರಿಯ: ದೊಡ್ಡೋರು ಹಂಗೆ ಮಾಡ್ತಾರೆ ಅಂತ ನಾವೂ ಸುಮ್ಮನಿರೋದಾ? ಅವರಿಗೆ ಕಾಯೋ ಶಕ್ತಿ ಇದೆ. ನಿಮಗೂ ಇತ್ತು. ಬೇಜಾರು ಮಾಡ್ಕೋಬೇಡಿ, ಎರಡು ಎಕರೆ ತೋಟ ಇತ್ತು ನಿಮಗೆ. ಬಾಕಿ ಬರದಿದ್ರೂ ಮನೇಲಿ ಒಲೆ ಉರೀತಿತ್ತು. ಸಂಬಂಧ ಉಳಿಸ್ಕೊಳೋಕ್ಕೂ ಕೈಲಿ ನಾಲ್ಕು ಕಾಸು ಇರಬೇಕು ಕಾಕಾ. ನಾನು ಕಾಯ್ತೀನಿ ಅಂದ್ರೆ ನನ್ನ ಜೊತೆ ಗಾರೆಯೋನೂ ಕಾಯಬೇಕು, ಅವನ ಮಕ್ಕಳೂ ಕಾಯಬೇಕು.

ಹಿರಿಯರು ತುಸು ಹೊತ್ತು ಮಾತಾಡಲಿಲ್ಲ. ಈ ಮಾತಿಗೆ ಅವರಲ್ಲಿ ಉತ್ತರ ಇರಲಿಲ್ಲವೆಂದೇ ನನ್ನ ಅನಿಸಿಕೆ. ಅವರು ಹೇಳಿದ್ದು ಉತ್ತರವಲ್ಲ, ಬೇರೊಂದು ಸಂಗತಿ.

ಹಿರಿಯ: ಜಗಳೂರಿನಲ್ಲಿ ನನಗೊಂದು ಬಾಕಿ ಐತೆ. 2020ರಲ್ಲಿ ಮುಗಿಸಿದ ಮನೆ. ಒಂದು ಲಕ್ಷದ ಚಿಲ್ಲರೆ. ಕೇಳೋಕ್ಕೆ ಅಂತ ಹೋಗಿದ್ದು 2023ರಲ್ಲಿ, ಬರಗಾಲದ ವರ್ಷ. ರಾಜ್ಯದ ಹೆಚ್ಚೂಕಮ್ಮಿ ಎಲ್ಲಾ ತಾಲ್ಲೂಕೂ ಬರ ಅಂತ ಘೋಷಣೆ ಆಗಿತ್ತು. ಹೊಲದಲ್ಲಿ ಮೆಕ್ಕೆಜೋಳ ಮೊಳಕಾಲುದ್ದಕ್ಕೇ ಒಣಗಿ ನಿಂತಿತ್ತು. ರೊಟ್ಟಿ ಕೊಟ್ರು, ತಿಂದೆ. ಬಾಯಿ ಬರಲಿಲ್ಲ, ಎದ್ದು ಬಂದೆ.

ಕಿರಿಯ: ಕೆಲಸ ಮುಗಿದು ಮೂರು ವರ್ಷ ದಾಟಿದ್ರೆ ಕೋರ್ಟಿಗೆ ಹೋಗೋಕ್ಕಾಗಲ್ಲ ಕಾಕಾ. ಕಾಲಮಿತಿ ಕಾಯ್ದೆ. ಅಷ್ಟರೊಳಗೆ ಅವರ ಕೈಲಿ 'ಇಷ್ಟು ಬಾಕಿ ಇದೆ' ಅಂತ ಬರೆಸಿ ಸಹಿ ಹಾಕಿಸಿದ್ರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗ್ತಿತ್ತು.

ಹಿರಿಯ: ಹೋದ ವರ್ಷ ಅವರೇ ಮಗನ ಕೈಲಿ 20 ಸಾವಿರ ಕಳಿಸಿದ್ರು. ನಾನು ಕೇಳಿರಲಿಲ್ಲ.

ಕಿರಿಯ: ಕಾಲ ಮೀರಿದ ಮೇಲೆ ಕೊಟ್ಟಿದ್ದಲ್ವಾ, ಅದರಿಂದ ಮಿಕ್ಕಿದ್ದಕ್ಕೆ ಜೀವ ಬರಲ್ಲ.

ಹಿರಿಯ: ಕಾನೂನಿಗೆ ಸತ್ತಿರಬಹುದು. ಅವರಿಗೆ ಸತ್ತಿಲ್ಲ. ಈಗ ಆ ಕಡೆ ಕೆರೆ ತುಂಬಿಸೋ ನೀರು ಬರ್ತಿದೆ, 57 ಕೆರೆ ಯೋಜನೆ. ಎರಡು ಬೆಳೆ ಸರಿಯಾಗಿ ಬರಲಿ, ಮಿಕ್ಕಿದ್ದೂ ಬರುತ್ತೆ.

ಕಿರಿಯ: ಬೆಳೆ ಬಂದ್ರೆ ಬೆಲೆ ಬರಬೇಕಲ್ಲ. 2025ರಲ್ಲಿ ಮೆಕ್ಕೆಜೋಳಕ್ಕೆ 2,400 ಅಂತ ಬೆಂಬಲ ಬೆಲೆ ಹೇಳಿ, ಮಾರೋಕ್ಕೆ ಹೋದೋರಿಗೆ ಎಷ್ಟು ಸಿಕ್ತು? ಅದಕ್ಕಿಂತ ಎಷ್ಟೋ ಕೆಳಗೆ ಕೇಳಿದ್ರು. ನಿಮ್ಮ ಬಾಕಿ ಅವರ ಹೊಲದ ಜೊತೆ ಕಟ್ಟಿದೆ ಕಾಕಾ. ಅವರು ಮೋಸಗಾರರಲ್ಲ, ನಾನೂ ಒಪ್ತೀನಿ. ಆದ್ರೆ ಇಲ್ಲದೋರ ಲೆಕ್ಕ ಇಟ್ಕೊಂಡು ಇದ್ದೋರನ್ನೂ ಬಿಡೋದು ಹೆಂಗೆ? ನ್ಯಾಮತಿಯೋರಿಗೆ ಬರಗಾಲ ಇಲ್ಲ.

ಹಿರಿಯ: ಅದು ಸರಿ. ಜಗಳೂರಿನೋರಿಗೂ ನ್ಯಾಮತಿಯೋರಿಗೂ ಒಂದೇ ತಕ್ಕಡಿ ಬೇಡ. ಆದ್ರೂ ವಕೀಲರ ಕಾಗದ ಕೊನೇದು. ಮೊದಲು ನೀನು ಹೋಗಿ ಆ ಸಂದು ಮುಚ್ಚು. ಮುಚ್ಚಿದ್ದರ ಫೋಟೊ ಕಳಿಸು. ಆಮೇಲೆ ನಾವಿಬ್ಬರೂ ಹೋಗೋಣ, ಅವರ ಎದುರಿಗೇ ಟೇಪ್ ಹಿಡಿದು ಅಳೆಯೋಣ, ಹೆಚ್ಚುವರಿ ಕೆಲಸ ಒಂದೊಂದಾಗಿ ತೋರಿಸೋಣ. ಬಂದ ಮೊತ್ತಕ್ಕೆ ಅವರ ಸಹಿ ತಗೊಳ್ಳೋಣ. ಕೊಡೋ ದಿನ ಅವರೇ ಹೇಳಲಿ.

ಕಿರಿಯ: ಚೆಕ್ ಕೊಡ್ತೀನಿ ಅಂದ್ರೆ?

ಹಿರಿಯ: ತಗೋ. ಮುಂದಿನ ತಾರೀಖು ಹಾಕಿದ್ರೂ ತಗೋ.

ಕಿರಿಯ: ಚೆಕ್ ಆದ್ರೆ ನನಗೂ ಅನುಕೂಲ. ಬೌನ್ಸ್ ಆದ್ರೆ, ಬ್ಯಾಂಕಿನೋರು ತಿಳಿಸಿದ 30 ದಿನದೊಳಗೆ ನೋಟಿಸ್, ಅದು ಮುಟ್ಟಿ 15 ದಿನ ಆದ್ರೂ ಕೊಡದಿದ್ರೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ದೂರಿನ ಗಡುವು ಒಂದು ದಿನ ಮೀರಿದ್ರೂ ತಡ ಯಾಕಾಯ್ತು ಅಂತ ಜಡ್ಜ್ ಮುಂದೆ ಕಾರಣ ಹೇಳಿ ಒಪ್ಪಿಸಬೇಕು.

ಹಿರಿಯ: ಈಗಲೇ ಬೌನ್ಸ್ ಮಾತು ಬೇಡ ಕಣೋ.

ಕಿರಿಯ: ಆಯ್ತು. ಸಂದು ಮುಚ್ತೀನಿ, ಅಳತೆಗೆ ಬರ್ತೀನಿ, ಸಹಿಗೂ ಕಾಯ್ತೀನಿ. ಆದ್ರೆ ಬಡ್ಡಿಯ ಸಾಲು ಕಾಗದದಲ್ಲಿ ಇರಲೇಬೇಕು.

ಹಿರಿಯ: ಬಡ್ಡಿ ಬೇಡ. ಅಸಲು ಕೇಳೋನಿಗೆ ಮರ್ಯಾದೆ ಐತೆ. ಬಡ್ಡಿ ಕೇಳಿದ್ರೆ ನೀನು ಗುತ್ತಿಗೆದಾರ ಅಲ್ಲ, ಲೇವಾದೇವಿಯೋನು ಅಂತಾರೆ.

ಕಿರಿಯ: ಎಂಟು ತಿಂಗಳಿಂದ ನನ್ನನ್ನ ಲೇವಾದೇವಿಯೋನು ಮಾಡಿರೋದೇ ಅವರು, ಬಡ್ಡಿ ಇಲ್ಲದ ಲೇವಾದೇವಿ. ಇನ್ನೊಂದು ವಿಷಯ ಇದೆ ಕಾಕಾ. ಬರವಣಿಗೆಯ ಕರಾರು ಇಲ್ಲದ ಬಾಕಿಗೆ, ಬಡ್ಡಿ ಕೇಳಿ ಕೊಟ್ಟ ನೋಟಿಸಿನಲ್ಲಿ ಬರೆದ ದಿನದಿಂದ ಕೋರ್ಟ್ ಬಡ್ಡಿ ಕೊಡಿಸಬಹುದು ಅಂತ 1978ರ ಬಡ್ಡಿ ಕಾಯ್ದೆ ಹೇಳುತ್ತೆ. ಇವತ್ತು ಆ ಸಾಲು ಬರೀದಿದ್ರೆ ನಾಳೆ ಯಾವ ಬಾಯಲ್ಲಿ ಕೇಳಲಿ? ಬರೆದಿಡೋಣ, ಆಮೇಲೆ ಬಿಡೋದಾದ್ರೆ ನಾನೇ ಬಿಡ್ತೀನಿ. ನೀವು ಪೋರ್ಟಿಕೋ ಟೈಲ್ಸ್ ಬಿಟ್ಟಂಗೆ.

ಹಿರಿಯ: ಆ ಕಾಗದ ಹಿಡ್ಕೊಂಡು ನಾನು ಬರಲ್ಲ.

ಕಿರಿಯ: ಅಳತೆಗೆ ಬನ್ನಿ ಸಾಕು.

ಹಿರಿಯ: ಅಳತೆಗೆ ಬರ್ತೀನಿ. ಅದರಲ್ಲೂ ಮುಗೀದಿದ್ರೆ ಲೋಕ ಅದಾಲತ್ ಐತೆ. ಹೊನ್ನಾಳಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆಯಲ್ಲ, ಕೇಸ್ ಹಾಕೋಕ್ಕೆ ಮುಂಚೆನೇ ಅಲ್ಲಿಗೆ ಅರ್ಜಿ ಕೊಡಬಹುದು ಅಂತಾರೆ. ಇಬ್ಬರನ್ನೂ ಕೂರಿಸಿ ಮಾತಾಡಿಸ್ತಾರೆ.

ಕಿರಿಯ: ಕೋರ್ಟ್ ಬೇಡ ಅಂತಿದ್ದೋರು ನೀವು!

ಹಿರಿಯ: ಅದು ಕೋರ್ಟಲ್ಲ, ಪಂಚಾಯ್ತಿ.

ಕಿರಿಯ: ಪಂಚಾಯ್ತಿ ಅನ್ನಿ. ಆದ್ರೆ ಅಲ್ಲಿ ರಾಜಿಯಾಗಿದ್ದು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ನಿಮ್ಮ ಕಾಲದ ಪಂಚಾಯ್ತಿ ಕಟ್ಟೆಗೆ ಆ ಬಲ ಇರಲಿಲ್ಲ.

ಬಡ್ಡಿಯ ಸಾಲಿನ ಬಗ್ಗೆ ಇಬ್ಬರೂ ಕೊನೆಯವರೆಗೆ ಒಪ್ಪಲಿಲ್ಲ. ಕಿರಿಯ ಕರಡನ್ನು ಜೇಬಿಗೆ ಸೇರಿಸಿದ, ಹರಿಯಲಿಲ್ಲ. ಯಾರು ಸರಿ ಎಂದು ನನ್ನನ್ನು ಕೇಳಿದರೆ, ಬಡ್ಡಿಯ ವಿಷಯದಲ್ಲಿ ನಾನು ಕಿರಿಯನ ಕಡೆ, ಸೋರಿಕೆಯ ವಿಷಯದಲ್ಲಿ ಹಿರಿಯರ ಕಡೆ. ಜಗಳೂರಿನ ಬಾಕಿಯ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರ ಹಿರಿಯರಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ.

ಇದನ್ನು ಓದುವವರಲ್ಲಿ ಗುತ್ತಿಗೆದಾರರಿಗಿಂತ ಮನೆ ಕಟ್ಟಿಸುವವರೇ ಹೆಚ್ಚು ಇರಬೇಕು. ಅವರಲ್ಲಿ ಒಂದು ಕೋರಿಕೆ: ಗೃಹಪ್ರವೇಶದ ಖರ್ಚಿನ ಪಟ್ಟಿ ಬರೆಯುವಾಗ ಮೇಸ್ತ್ರಿಯ ಕೊನೆಯ ಕಂತನ್ನು ಶಾಮಿಯಾನಕ್ಕಿಂತ ಮೇಲಿನ ಸಾಲಿನಲ್ಲಿ ಬರೆಯಿರಿ. ಸೋರಿಕೆಯ ಭಯವಿದ್ದರೆ ಅದಕ್ಕೆ ತಕ್ಕಷ್ಟನ್ನು ಮಾತ್ರ ಹಿಡಿದಿಟ್ಟುಕೊಂಡು, ಉಳಿದದ್ದನ್ನು ಕೊಡುವ ತಾರೀಖನ್ನು ನೀವೇ ಹೇಳಿ.